ಗುರುವಾರದ ಪೋರ

ಅಪ್ಪ ಮಗ ಮಾತು ಬಿಟ್ಟು ಹತ್ತು ದಿನವಾಗಿತ್ತು. ಕಾರಣ ಒಂದು ಸ್ಕೂಟರ್.

ಎಪ್ಪತ್ತನಾಲ್ಕರ ಅಪ್ಪ, ಸೊಸೆಯ ಬಾಯಲ್ಲಿ ಮಾವ, ಔಷಧಿ ಅಂಗಡಿಯಿಂದ ಮರಳುವಾಗ ಎದುರುಮನೆಯ ಗೇಟಿಗೆ ಗುದ್ದಿದ್ದರು. ಗೇಟಿಗೆ ಏನೂ ಆಗಲಿಲ್ಲ. ಸ್ಕೂಟರಿನ ಕನ್ನಡಿ ಒಡೆಯಿತು, ಮಾವನ ಮೊಣಕೈ ತರಚಿತು. ಅಂದೇ ಸಂಜೆ ಊಟಕ್ಕೆ ಕೂತಾಗ ಮಗ ಕೀಲಿಯನ್ನು ತನ್ನ ಜೇಬಿಗೆ ಇಳಿಸಿದ. “ಆನೆ ಹೋಗೋಷ್ಟು ದೊಡ್ಡ ಗೇಟು ಅಪ್ಪ. ಅದೂ ಕಾಣಲಿಲ್ವಾ?” ಎಂದ. ಮಾವ ಕಲಸಿದ ಅನ್ನ ಬಿಟ್ಟು ಕೈ ತೊಳೆದುಕೊಂಡರು.

ಅಲ್ಲಿಂದ ಮುಂದೆ ಮನೆಯ ಮಾತೆಲ್ಲ ಸೊಸೆಯ ಮೂಲಕ ನಡೆಯಿತು. ನೀರಿನ ಟ್ಯಾಂಕ್ ತುಂಬಿತಾ ಕೇಳು ಎಂದು ಒಬ್ಬರು, ತುಂಬಿ ಹರಿದೂ ಆಯ್ತು ಅಂತ ಹೇಳು ಎಂದು ಇನ್ನೊಬ್ಬರು. ಇಬ್ಬರ ನಡುವೆ ಇದ್ದದ್ದು ಊಟದ ಮೇಜಿನಷ್ಟು ದೂರ. ಅವಳು ಹೇಳುವಾಗ ಒಂದೆರಡು ಪದ ನುಂಗಿ, ಒಂದೆರಡು ಪದ ತಿದ್ದಿ ಹೇಳುತ್ತಿದ್ದಳು. ಹದಿಮೂರರ ಮಗಳು ಗುಬ್ಬಿ ಇದನ್ನು ಕಂಡುಹಿಡಿದಿದ್ದಳು. “ಅಮ್ಮ, ನೀನು ಮೀನಿನ ಮುಳ್ಳು ತೆಗೆದು ಬಡಿಸಿದ ಹಾಗೆ ಮಾತು ಬಡಿಸ್ತೀಯ,” ಎಂದಳು. ಸೊಸೆಗೆ ನಗು ಬರಲಿಲ್ಲ. ಎಲ್ಲೋ ಒಂದು ಮುಳ್ಳು ಉಳಿದುಹೋದರೆ ಎಂಬ ದಿಗಿಲಿನಲ್ಲೇ ಅವಳ ದಿನ ಕಳೆಯುತ್ತಿತ್ತು.

ಮಾವ ಮೊದಲು ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದವರು. ಸೀಸದ ಅಕ್ಷರಗಳ ಕಾಲ ಮುಗಿದು ಕೆಲಸ ಹೋಯಿತು, ಅಕ್ಷರ ಜೋಡಿಸುವ ಚಟ ಹೋಗಲಿಲ್ಲ. ಮೂವತ್ತೊಂದು ವರ್ಷದಿಂದ ಊರಿನ ಪತ್ರಿಕೆಯ ಗುರುವಾರದ ಪುರವಣಿಗೆ ಪದಬಂಧ ಕಟ್ಟಿಕೊಡುತ್ತಿದ್ದರು. ಹನ್ನೊಂದಕ್ಕೆ ಹನ್ನೊಂದು ಮನೆ, ಉಕ್ಕಿನ ಅಳತೆಪಟ್ಟಿ, ಚೂಪು ಪೆನ್ಸಿಲ್. ಕಪ್ಪು ಮನೆಗಳಿಗೆ ಮಸಿ ತುಂಬುವಾಗ ಒಂದು ಹನಿ ಹೊರಗೆ ಹೋಗಬಾರದು. ಒಂದು ಸಲ ಬಳಸಿದ ಪದ ಮತ್ತೆ ಮೂರು ತಿಂಗಳು ಬರಬಾರದು. ಸೋಮವಾರ ಬೆಳಿಗ್ಗೆ ಕಾಗದ ಪತ್ರಿಕೆಯ ಕಚೇರಿಗೆ ಮುಟ್ಟಬೇಕು. ಅದಕ್ಕೆ ಮೊದಲು ಮಗ ಅದನ್ನು ಬಿಡಿಸಿ ನೋಡಬೇಕು. ಮಗನಿಗೆ ಹನ್ನೆರಡು ತುಂಬಿದಾಗಿನಿಂದ ಇದು ಮನೆಯ ಕಟ್ಟಳೆ. ಆಗೆಲ್ಲ ಹಿಡಿದ ತಪ್ಪೊಂದಕ್ಕೆ ಒಂದು ಪೆಪ್ಪರ್‌ಮಿಂಟು ಸಿಗುತ್ತಿತ್ತಂತೆ. ಈಗ ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಇಪ್ಪತ್ತು ಜನ ಮೆಕ್ಯಾನಿಕ್‌ಗಳಿಗೆ ಮೇಸ್ತ್ರಿಯಾಗಿದ್ದರೂ ಭಾನುವಾರ ಮಧ್ಯಾಹ್ನ ಅಪ್ಪನೆದುರು ಪೆನ್ಸಿಲ್ ಹಿಡಿದು ಕೂರುತ್ತಿದ್ದ.

ಸ್ಕೂಟರಿನ ಜಗಳದ ನಂತರದ ಭಾನುವಾರ ಅವನು ಕೂರಲಿಲ್ಲ. ಬಕೆಟ್ ಹಿಡಿದು ಅಂಗಳದ ಚರಂಡಿ ತೊಳೆಯತೊಡಗಿದ. ಮಾವ ಸೊಸೆಯನ್ನು ಕರೆದು, ಕೈ ಯಾಕೋ ನಡುಗುತ್ತಿದೆ, ಹೇಳುತ್ತ ಹೋಗುತ್ತೇನೆ, ನೀನು ಬರೆದುಕೊಂಡು ಬಿಡು ಎಂದರು. ಕೊನೆಯ ಮೂಲೆಯಲ್ಲಿ ಎರಡು ಮನೆ ಖಾಲಿ ಉಳಿದಿತ್ತು. ಅಲ್ಲಿಗೆ ‘ಪೋರ’ ಹಾಕು ಎಂದರು. ಸುಳಿವು ಏನು ಎಂದು ಕೇಳಿದಾಗ ಕಿಟಕಿಯ ಕಡೆ ಮುಖ ಮಾಡಿ, ಚರಂಡಿಯ ಸದ್ದು ಕೇಳುತ್ತ ಹೇಳಿದರು: “ಅಪ್ಪನಿಗೇ ಬುದ್ಧಿ ಹೇಳಲು ಬರುವವ.”

ಅವಳ ಪೆನ್ನು ನಿಂತಿತು. ಆದರೆ ಬರೆದಳು.

ಗುರುವಾರ ಸಂಜೆ ಗಂಡ ಪುರವಣಿಯನ್ನು ನಾಲ್ಕು ಮಡಿಕೆ ಮಾಡಿ ತಂದು, ಅವಳು ಬೀನ್ಸ್ ಹೆಚ್ಚುತ್ತಿದ್ದ ಮಣೆಯ ಪಕ್ಕ ಇಟ್ಟ. ಡಿಪೋದಲ್ಲಿ ಚಹಾದ ಹೊತ್ತಿಗೆ ಎಲ್ಲರೂ ಸೇರಿ ಪದಬಂಧ ಬಿಡಿಸುವುದು ಅವರ ರೂಢಿ. ಪದಬಂಧ ಯಾರದು ಎಂದು ಅಲ್ಲಿ ಎಲ್ಲರಿಗೂ ಗೊತ್ತು.

“ಇದು ನಿನ್ನ ಅಕ್ಷರದಲ್ಲಿ ಹೋಗಿದ್ದಾ?”

“ಮಾವ ಹೇಳಿದರು. ನಾನು ಬರೆದುಕೊಂಡೆ ಅಷ್ಟೆ ರೀ.”

“ಬರೆಯೋ ಕೈಗೆ ಬುದ್ಧಿ ಬೇಡ್ವಾ? ಟಯರ್ ಹುಡುಗರು ಕೂಡ ನನ್ನ ಮುಖ ನೋಡಿ ನಕ್ಕರು.”

ಅವಳು ಏನೋ ಹೇಳಿ ಸಮಾಧಾನ ಮಾಡಿದಳು. ಮುಂದಿನ ವಾರ ಆ ಪದವೇ ಬರುವುದಿಲ್ಲ, ಮೂರು ತಿಂಗಳ ಕಟ್ಟಳೆ ಇದೆಯಲ್ಲ ಎಂದಳು. ಮುಂದಿನ ವಾರವೂ ಬಂತು. “ಕೀಲಿ ಬಚ್ಚಿಟ್ಟು ಯಜಮಾನ ಎಂದುಕೊಂಡವ.” ಮೂವತ್ತೊಂದು ವರ್ಷದ ಕಟ್ಟಳೆಯನ್ನು ಮಾವ ಮಗನಿಗಾಗಿ ಮುರಿದಿದ್ದರು. ಗಂಡ ಊಟದ ಮೇಜಿನಲ್ಲಿ ತಟ್ಟೆಯನ್ನು ಸದ್ದಾಗುವಂತೆ ಇಟ್ಟು, ಹೆಂಡತಿಯ ಮುಖ ನೋಡಿ, ಪದಬಂಧ ಕಟ್ಟುವವರಿಗೆ ವಯಸ್ಸಾಯಿತು, ಪದ ಬತ್ತಿಹೋಗಿದೆ ಅಂತ ಹೇಳು ಎಂದ. ಮಾವ ನೀರಿನ ಲೋಟ ಹುಡುಕುತ್ತ, ಬತ್ತಿದ್ದು ಪದ ಅಲ್ಲ, ಮರ್ಯಾದೆ ಅಂತ ಹೇಳು ಎಂದರು. ಸೊಸೆಯ ಕಣ್ಣು ಮಾವನ ಕೈಯ ಮೇಲಿತ್ತು. ಲೋಟ ಎದುರಿಗೇ ಇತ್ತು. ಆ ಕೈ ಅದರ ಎರಡೂ ಬದಿ ತಡವಿ ಬಂತು.

ಅವಳಿಗೆ ಕೆಲಸ ಪೇಟೆಯ ಕನ್ನಡಕದ ಅಂಗಡಿಯಲ್ಲಿ. ಫ್ರೇಮಿನ ತಿರುಪು ಬಿಗಿ ಮಾಡುವುದು, ಗೋಡೆಯ ಅಕ್ಷರದ ಹಲಗೆಯ ಮುಂದೆ ಗಿರಾಕಿಗಳನ್ನು ಕೂರಿಸುವುದು, ವಾರಕ್ಕೆ ಎರಡು ದಿನ ಬರುವ ಕಣ್ಣಿನ ಡಾಕ್ಟರಮ್ಮನಿಗೆ ಚೀಟಿ ಬರೆದುಕೊಡುವುದು. ಕಾಣದಿರುವುದನ್ನು ಬಚ್ಚಿಡುವವರು ದಿನಕ್ಕೊಬ್ಬರಾದರೂ ಬರುತ್ತಾರೆ. ಅವರು ಅಕ್ಷರವನ್ನು ನೇರ ನೋಡುವುದಿಲ್ಲ, ಕುತ್ತಿಗೆ ಓರೆ ಮಾಡಿ ಪಕ್ಕದಿಂದ ಕದ್ದು ನೋಡುತ್ತಾರೆ. ಮಾವ ಈಗೀಗ ಎಲ್ಲವನ್ನೂ ಹಾಗೆಯೇ ನೋಡುತ್ತಿದ್ದರು. ಅವಳು ಅದನ್ನು ಸಿಟ್ಟು ಎಂದುಕೊಂಡಿದ್ದಳು.

ಆ ಶನಿವಾರ ಗುಬ್ಬಿ ಅಳುತ್ತ ಅಡುಗೆಮನೆಗೆ ಬಂದಳು. ತಾತನಿಗೆ ಚೌಕ ಹಾಕಿಕೊಟ್ಟರೆ ಗೆರೆ ಡೊಂಕು ಎಂದು ಮೂರು ಸಲ ಕಾಗದ ಹರಿದರಂತೆ. ಉಕ್ಕಿನ ಪಟ್ಟಿ ಇಟ್ಟೇ ಎಳೆದಿದ್ದೇನೆ, ನೀನೇ ನೋಡು ಎಂದಳು. ಸೊಸೆ ನೋಡಿದಳು. ಗೆರೆಗಳು ದಾರ ಕಟ್ಟಿದ ಹಾಗೆ ನೆಟ್ಟಗಿದ್ದವು.

ಅಂಗಡಿಯಲ್ಲಿ ಒಂದು ಕಾರ್ಡು ಇರುತ್ತದೆ. ತುಂಬ ಸಣ್ಣ ಚೌಕಗಳು, ನಡುವೆ ಒಂದು ಚುಕ್ಕಿ. ಅಕ್ಷರ ತುಂಬದ ಪದಬಂಧದ ಹಾಗೆಯೇ ಕಾಣುತ್ತದೆ. ಸೋಮವಾರ ಅವಳು ಅದನ್ನು ಕೈಯಲ್ಲಿ ಹಿಡಿದು ಡಾಕ್ಟರಮ್ಮನನ್ನು ಕೇಳಿದಳು. ಗೆರೆ ಬಾಗಿದ ಹಾಗೆ ಕಂಡರೆ ಕನ್ನಡಕದಿಂದ ಸರಿಹೋಗುವುದಿಲ್ಲ, ದೊಡ್ಡ ಆಸ್ಪತ್ರೆಗೆ ಕಳಿಸಬೇಕು, ಕಣ್ಣೊಳಗೆ ಇಂಜೆಕ್ಷನ್ ಕೊಡುತ್ತಾರೆ ಎಂದರು ಅವರು. ಬೇಗ ಹೋದರೆ ಉಳಿಯುತ್ತದೆ, ತಡವಾದರೆ ಹೋದದ್ದು ಹೋಯಿತು.

“ಬೇಗ ಅಂದರೆ ಎಷ್ಟು ಡಾಕ್ಟರ್?”

“ದಿನಗಳ ಲೆಕ್ಕ ಅಂತಲೇ ಇಟ್ಕೋ. ಯಾರಿಗೆ?”

“ಪಕ್ಕದ ಮನೆಯವರಿಗೆ,” ಎಂದಳು ಸೊಸೆ. ಯಾಕೆ ಹಾಗೆಂದಳೋ ಅವಳಿಗೇ ತಿಳಿಯಲಿಲ್ಲ.

ಮರುದಿನ ಮಧ್ಯಾಹ್ನ ಊಟಕ್ಕೆ ಬಂದವಳು ಮಾವನ ಮುಂದೆ ಆ ಕಾರ್ಡು ಹಿಡಿದಳು. ಒಂದು ಕಣ್ಣು ಮುಚ್ಚಿ ನಡುವಿನ ಚುಕ್ಕಿ ನೋಡಿ ಎಂದಳು. ಬಲಗಣ್ಣಿಗೆ ಗೆರೆಗಳು ಗಾಳಿಗೆ ಸಿಕ್ಕ ಬಟ್ಟೆಯ ಹಾಗಿವೆ ಎಂದರು ಮಾವ. ಎಡಗಣ್ಣಿನ ಸರದಿ ಬಂದಾಗ ಕುತ್ತಿಗೆ ಓರೆ ಮಾಡಿ, “ಯಾವ ಚುಕ್ಕಿ?” ಎಂದರು.

ಆಮೇಲೆ ಒಂದೊಂದೇ ಹೊರಗೆ ಬಂತು. ಎಡಗಣ್ಣು ಮಂಜಾಗಿ ಯಾವ ಕಾಲವೋ ಆಯಿತಂತೆ. ಬಲಗಣ್ಣು ಕೈಕೊಡತೊಡಗಿದ್ದು ಸ್ಕೂಟರ್ ಗುದ್ದುವ ಸ್ವಲ್ಪ ಮೊದಲು. ಕೈ ನಡುಗುವುದೆಲ್ಲ ಬರೀ ನೆಪ. ಪುರವಣಿಗೆ ಹೊಸದಾಗಿ ಬಂದ ಹುಡುಗಿಯೊಬ್ಬಳು, ಈಗ ಕಂಪ್ಯೂಟರೇ ಪದಬಂಧ ಕಟ್ಟುತ್ತೆ ತಾತ, ನೀವು ಆರಾಮಾಗಿರಿ ಎಂದಿದ್ದಳಂತೆ. ಕಣ್ಣು ಹೋಯಿತೆಂದು ತಿಳಿದರೆ ಮರುದಿನವೇ ಆರಾಮು ಮಾಡಿಸಿಬಿಡುತ್ತಾರೆ.

ಸೊಸೆ ಇವತ್ತೇ ಆಸ್ಪತ್ರೆಗೆ ಹೋಗೋಣ ಎಂದಳು. ನಿಮ್ಮ ಮಗನಿಗೆ ಹೇಳಿ ರಜೆ ಹಾಕಿಸುತ್ತೇನೆ ಎಂದಳು.

“ಅವನಿಗೆ ಹೇಳಬೇಡ. ಹೇಳಿದರೆ ಗೇಟಿನ ಮಾತಿನಲ್ಲಿ ಅವನೇ ಗೆದ್ದ ಹಾಗಾಯ್ತು. ಬಾಯಿಬಿಟ್ಟರೆ ಅವತ್ತಿಂದ ಈ ಮನೆಯ ಅನ್ನ ನನಗೆ ಬೇಡ. ಮಾತು ಕೊಡು ತಾಯಿ.”

“ಆಸ್ಪತ್ರೆಗೆ ಬರ್ತೀನಿ ಅಂತ ನೀವೂ ಮಾತು ಕೊಡಿ ಮಾವ.”

“ಬರ್ತೀನಿ. ಈ ವಾರದ್ದು ಮುಗೀಲಿ.”

ಮಾತು ಕೊಟ್ಟಳು. ಅದೇ ತಪ್ಪಾಯಿತು. ಈ ವಾರದ್ದು ಮುಗಿಯಿತು, ಮುಂದಿನ ವಾರದ್ದು ಬಂತು. ಮಾವನಿಗೆ ಪದಗಳೆಲ್ಲ ತಲೆಯಲ್ಲೇ ಇದ್ದವು. ಮೂರನೇ ಸಾಲು, ಐದನೇ ಮನೆ, ಕಪ್ಪು ತುಂಬು ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು. ಅವಳು ಗೆರೆ ಎಳೆದಳು, ಮಸಿ ತುಂಬಿದಳು, ಅಂಗಡಿಗೆ ಹೋಗುವ ದಾರಿಯಲ್ಲಿ ಕಾಗದ ಮುಟ್ಟಿಸಿದಳು. ಎಷ್ಟು ಅಚ್ಚುಕಟ್ಟಾಗಿ ಮಾಡಿದಳೆಂದರೆ ಮಾವನಿಗೆ ಕಣ್ಣಿನ ಅಗತ್ಯವೇ ಬೀಳಲಿಲ್ಲ. ತಟ್ಟೆಯನ್ನು ದಿನವೂ ಒಂದೇ ಜಾಗದಲ್ಲಿಟ್ಟಳು, ಲೋಟವನ್ನು ಕೈಗೇ ಕೊಟ್ಟಳು, ಬಾತ್‌ರೂಮಿನ ದಾರಿಯಿಂದ ಗುಬ್ಬಿಯ ಶೂ ಎತ್ತಿಟ್ಟಳು. ಗಂಡನಿಗೆ ಏನೂ ಕಾಣಲಿಲ್ಲ. ಕಾಣದಂತೆ ನೋಡಿಕೊಂಡವಳು ಅವಳೇ.

ಮೂರನೇ ಗುರುವಾರವೂ ಪೋರ ಬಂದ, ನಾಲ್ಕನೇ ಗುರುವಾರ “ನಲವತ್ತು ದಾಟಿದರೂ ಬೆಳೆಯದವ” ಎಂದು ಬಂತು. ಆ ಸಂಜೆ ಗಂಡ ಜಗಳವಾಡಲಿಲ್ಲ. ಡಿಪೋದ ಹತ್ತಿರ ಎರಡು ಕೋಣೆಯ ಮನೆ ಖಾಲಿ ಇದೆ, ನೋಡಿ ಬಂದೆ ಎಂದ. ಅಪ್ಪನಿಗೆ ಅಡುಗೆಗೆ ಯಾರನ್ನಾದರೂ ಗೊತ್ತು ಮಾಡೋಣ ಎಂದ. ಅವಳು ಒಗೆದ ಬಟ್ಟೆ ಮಡಿಸುತ್ತಿದ್ದಳು. ಒಂದೇ ಅಂಗಿಯನ್ನು ಮೂರು ಸಲ ಮಡಿಸಿದಳು.

“ಅವರನ್ನು ಒಬ್ಬರನ್ನೇ ಬಿಡಕ್ಕಾಗಲ್ಲ ರೀ.”

“ಯಾಕೆ? ಊರಿಗೆ ನನ್ನ ಮೇಲೆ ಚಾಡಿ ಹೇಳೋ ಶಕ್ತಿ ಇದೆಯಲ್ಲ, ಅನ್ನ ಬಸಿಯೋ ಶಕ್ತಿ ಇರಲ್ವಾ?”

ಮಾವನಿಗೆ ಕೊಟ್ಟ ಮಾತು ನೆನಪಾಗಿ, ಅವಳು ಅದೇ ಅಂಗಿಯನ್ನು ನಾಲ್ಕನೇ ಸಲ ಮಡಿಸಿದಳು.

ಐದನೇ ಭಾನುವಾರ ಮಾವ ಹೇಳಿದ್ದು ಎಲ್ಲಕ್ಕಿಂತ ಕಹಿಯಾಗಿತ್ತು: “ಹೆತ್ತವನನ್ನು ಮೂಲೆಗೆ ಕೂರಿಸಿದವ.” ಇದು ಅಚ್ಚಾದರೆ ಗಂಡ ಅಂದೇ ಗಂಟುಮೂಟೆ ಕಟ್ಟುತ್ತಾನೆ ಎಂದು ಅವಳಿಗೆ ಅನ್ನಿಸಿತು. ಹೂಂ ಎಂದು ಕೇಳಿಸಿಕೊಂಡು, “ಆಟದ ಬಯಲಿನಲ್ಲಿ ಸಿಗುವವ” ಎಂದು ಬರೆದಳು.

ಗುರುವಾರ ಗಂಡ ಸಪ್ಪಗೆ ಬಂದು ಸಪ್ಪಗೆ ಉಂಡ. ಒಂದು ಗಂಡಾಂತರ ತಪ್ಪಿತು ಎಂದು ಅವಳು ಉಸಿರು ಬಿಟ್ಟಳು. ಶುಕ್ರವಾರ ಬೆಳಿಗ್ಗೆ ಗುಬ್ಬಿ ಬ್ರೆಡ್ ಕಚ್ಚುತ್ತ ತಾತನಿಗೆ ಸುಳಿವುಗಳನ್ನು ಓದಿ ಹೇಳಿದಳು. ಕೊನೆಯದನ್ನು ಓದಿದಾಗ ಮಾವ ಇನ್ನೊಮ್ಮೆ ಓದು ಎಂದರು. ಗುಬ್ಬಿ ಓದಿದಳು. ಅವಳು ಶಾಲೆಗೆ ಹೋಗುವವರೆಗೂ ಮಾವ ಕಾದರು.

“ಮೂವತ್ತೊಂದು ವರ್ಷದಲ್ಲಿ ಸಂಪಾದಕರೂ ನನ್ನ ಸುಳಿವು ಮುಟ್ಟಿರಲಿಲ್ಲ,” ಎಂದರು ಆಮೇಲೆ. “ನೀನು ಮುಟ್ಟಿದೆ. ನನಗೆ ಕಾಣಲ್ಲ ಅಂತ ತಾನೆ?”

“ಅವರು ಮನೆ ಬಿಟ್ಟು ಹೋಗ್ತಿದ್ದರು ಮಾವ.”

“ಹೋಗಲಿ. ಕಣ್ಣಿರೋರು ದಾರಿ ಹುಡುಕ್ಕೊಳ್ತಾರೆ.”

ಆಸ್ಪತ್ರೆಗೆ ಯಾವಾಗ ಎಂದು ಅವಳು ಕೇಳಿದಳು. ಈಗ ಏನು ಆಸ್ಪತ್ರೆ, ಎಲ್ಲ ಮುಗಿಯಿತು ಎಂದರು. ಬಲಗಣ್ಣಿನಲ್ಲೂ ನಿನ್ನೆಯಿಂದ ನಡುವೆ ಏನೋ ಕೂತಿದೆ ಎಂದು, ಹವಾಮಾನ ಹೇಳುವಂತೆ, ಒಂದು ಮಾತು ಸೇರಿಸಿದರು.

ಆ ಇಡೀ ದಿನ ಅಂಗಡಿಯಲ್ಲಿ ಅವಳ ಕೈಯಿಂದ ಸಣ್ಣ ತಿರುಪುಗಳು ಬೀಳುತ್ತಲೇ ಇದ್ದವು. ಮಾತು ತಪ್ಪಿದರೆ ಮಾವ ಊಟ ಬಿಡುತ್ತಾರೆ. ತಪ್ಪದಿದ್ದರೆ ಇನ್ನೊಂದು ಕಣ್ಣೂ ಹೋಗುತ್ತದೆ. ಊಟ ಬಿಟ್ಟವರನ್ನು ಬೇಡಿಕೊಂಡಾದರೂ ಉಣ್ಣಿಸಬಹುದು ಎನ್ನುವುದು ಗೊತ್ತಿದ್ದರೂ ಗಂಡನೆದುರು ನಿಂತಾಗ ಅವಳ ಬಾಯಿಗೆ ಬೇರೆಯೇ ಮಾತು ಬಂತು. ಶನಿವಾರ ಎರಡು ಸಲ ಬಾಯಿ ತೆರೆದು, ಎರಡು ಸಲವೂ ಚಹಾ ಬೇಕಾ ಎಂದು ಕೇಳಿದಳು. ಎರಡನೇ ಸಲ ಗಂಡ, “ಈಗ ತಾನೆ ಕುಡಿದ್ನಲ್ಲೇ,” ಎಂದ.

ಭಾನುವಾರ ಮಾವ ಮತ್ತೆ ಕೂತರು. ಸಿಟ್ಟಿದ್ದರೂ ಸೋಮವಾರಕ್ಕೆ ಕಾಗದ ಹೋಗಲೇಬೇಕಲ್ಲ. ಕೊನೆಯ ಎರಡು ಮನೆಗೆ ಬಂದಾಗ, ಅದೇ ಹಾಕು, ಸುಳಿವು ಹೋದ ವಾರ ನಾನು ಹೇಳಿದ್ದೇ ಇರಲಿ, ಈ ಸಲ ಸರಿಯಾಗಿ ಬರಿ ಎಂದರು. ಸೊಸೆ ಕಾಗದ ನೋಡಿದಳು. ಗಂಡ ಅಪ್ಪನ ಜೊತೆ ಮಾತು ಬಿಟ್ಟಿದ್ದ, ಗುರುವಾರದ ಪುರವಣಿ ಬಿಟ್ಟಿರಲಿಲ್ಲ. ಒಂದೊಂದು ಸುಳಿವನ್ನೂ ಬೈದುಕೊಂಡೇ ಬಿಡಿಸುತ್ತಿದ್ದ. ಅವಳು ನಿಧಾನವಾಗಿ, ದುಂಡಗೆ ಬರೆದಳು. ಬರೆದದ್ದನ್ನು ಓದಿ ಹೇಳು ಎಂದರು ಮಾವ. ಅವರು ಹೇಳಿಕೊಟ್ಟದ್ದನ್ನೇ ಓದಿ ಹೇಳಿದಳು. ಬದುಕಿನಲ್ಲಿ ಅಷ್ಟು ನೇರವಾದ ಸುಳ್ಳನ್ನು ಅವಳು ಹೇಳಿರಲಿಲ್ಲ.

ಗುರುವಾರ ಹನ್ನೊಂದು ಗಂಟೆಗೆ ಗಂಡ ಗ್ರೀಸು ಮೆತ್ತಿದ ಬಟ್ಟೆಯಲ್ಲೇ ಅಂಗಡಿಯ ಬಾಗಿಲಿಗೆ ಬಂದು ನಿಂತ. ಅವಳು ಗಿರಾಕಿಯೊಬ್ಬರ ಕಿವಿಯ ಹಿಂದೆ ಫ್ರೇಮಿನ ಕಡ್ಡಿ ಬಗ್ಗಿಸುತ್ತಿದ್ದಳು. ಅವನ ಕೈಯಲ್ಲಿ ಪುರವಣಿ ಇತ್ತು. ಎಲ್ಲ ಮನೆಗಳೂ ತುಂಬಿದ್ದವು, ಕೊನೆಯ ಎರಡು ಬಿಟ್ಟು. ಸುಳಿವಿನ ಕೆಳಗೆ ಪೆನ್ಸಿಲಿನ ಗೆರೆ ಕಾಗದ ಹರಿಯುವಷ್ಟು ಒತ್ತಿತ್ತು: “ಅಪ್ಪನಿಗೆ ಕಣ್ಣು ಕಾಣುತ್ತಿಲ್ಲವೆಂದು ಇನ್ನೂ ತಿಳಿಯದವ.”

“ಇದು ಅಪ್ಪ ಹೇಳಿದ್ದಲ್ಲ,” ಎಂದ.

“ಅಲ್ಲ.”

“ನಿಜಾನಾ?”

“ನಿಜ.”

“ನಿನಗೆ ಯಾವಾಗಿಂದ ಗೊತ್ತು?”

ಗಿರಾಕಿ ಇಬ್ಬರ ಮುಖವನ್ನೂ ನೋಡುತ್ತಿದ್ದರು. ನಾಲ್ಕು ವಾರ ಆಗುತ್ತ ಬಂತು ಎಂದಳು ಸೊಸೆ. ಗಂಡ ಚಪ್ಪಲಿ ಹಾಕ್ಕೋ ಎಂದಷ್ಟೇ ಹೇಳಿ ರಸ್ತೆಗೆ ಇಳಿದ.

ಮನೆಯಲ್ಲಿ ಮಾವನಿಗೆ ಆಗಲೇ ಸುದ್ದಿ ಮುಟ್ಟಿತ್ತು. ಪುರವಣಿಯ ಆ ಹುಡುಗಿಯೇ ಫೋನ್ ಮಾಡಿದ್ದಳಂತೆ. ಸುಳಿವನ್ನು ಓದಿ ಹೇಳಿ, ಓದುಗರು ಕೇಳುತ್ತಿದ್ದಾರೆ, ಏನು ಇದು ತಾತ ಎಂದಳಂತೆ. ಮುಂದಿನ ವಾರಕ್ಕೆ ಬೇರೆ ವ್ಯವಸ್ಥೆ ಮಾಡಿಕೊಳ್ಳುತ್ತೇವೆ ಎಂದೂ ಹೇಳಿದಳಂತೆ. ಮಾವ ಮೇಜಿನೆದುರು ಬನಿಯನ್ನಿನಲ್ಲಿ ಕೂತಿದ್ದರು. ಬೆಳಗಿನ ಮೊಟ್ಟೆ ಮುಟ್ಟದೆ ಹಾಗೇ ಇತ್ತು.

“ಮಾತು ಕೊಟ್ಟಿದ್ದೆ,” ಎಂದರು ಸೊಸೆಗೆ.

“ಕೊಟ್ಟಿದ್ದೆ ಮಾವ. ತಪ್ಪಿದೆ.”

“ಮಗನಿಗೆ ಹೇಳಬೇಡ ಅಂದರೆ ಊರಿಗೇ ಹೇಳಿದೆ.”

ಗಂಡ ಒಳಗಿನಿಂದ ಇಸ್ತ್ರಿ ಮಾಡಿದ ಅಂಗಿ ತಂದು ಕುರ್ಚಿಯ ಮೇಲೆ ಹಾಕಿದ, ಆಟೋ ನಿಂತಿದೆ ಎಂದ. ಮಾವ ಸೊಸೆಯ ಕಡೆಗೇ ತಿರುಗಿ, “ನಾನು ಬರಲ್ಲ ಅಂತ ಅವನಿಗೆ ಹೇಳು,” ಎಂದರು.

ಮದುವೆಯಾಗಿ ಹದಿನಾರು ವರ್ಷದಲ್ಲಿ ಮಾವನಿಗೆ ಅವಳು ಇಲ್ಲ ಎಂದವಳಲ್ಲ.

“ನಾನು ಹೇಳಲ್ಲ,” ಎಂದಳು. “ಅವರು ಇಲ್ಲೇ ನಿಂತಿದ್ದಾರೆ. ನೀವೇ ಹೇಳಿ.”

ಹೊರಗೆ ಆಟೋದವನು ಎರಡು ಸಲ ಹಾರ್ನ್ ಮಾಡಿದ. ಮಾವ ಮಗ ನಿಂತಿರಬಹುದಾದ ಕಡೆಗೆ ಮುಖ ತಿರುಗಿಸಿದರು, ಸ್ವಲ್ಪ ತಪ್ಪಿತು. ಬಾಗಿಲಿಗೆ ತೂಗುಹಾಕಿದ್ದ ರೇನ್‌ಕೋಟಿನ ಕಡೆ ನೋಡಿ ಹೇಳಿದರು.

“ನಾನು ಬರಲ್ಲ.”

ಗಂಡ ಅದನ್ನು ಕಂಡ. ಅವನು ಹೆಜ್ಜೆ ಬದಲಿಸಿ, ಅಪ್ಪನ ನೋಟ ಇದ್ದ ಕಡೆಗೇ ಹೋಗಿ ನಿಂತು, “ಅಂಗಿ ಹಾಕ್ಕೋ ಅಪ್ಪ,” ಎಂದ. “ಬೈಯೋದು ಬಾಕಿ ಇದ್ದರೆ ಆಟೋದಲ್ಲಿ ಬೈಯಿ.”

ಆಸ್ಪತ್ರೆಯಲ್ಲಿ ಕಣ್ಣಿಗೆ ಹನಿ ಹಾಕಿ, ಮೂರು ಮೆಷಿನ್ನುಗಳ ಮುಂದೆ ಗದ್ದ ಊರಿಸಿ ಕೂರಿಸಿದರು. ಡಾಕ್ಟರ್ ಚಿತ್ರಗಳನ್ನು ಪರದೆಯ ಮೇಲೆ ತೋರಿಸಿ ಹೇಳಿದ್ದು ಬಹಳವೇನಲ್ಲ. ಎಡಗಣ್ಣಿನಲ್ಲಿ ಗಾಯ ಒಣಗಿ ಕಲೆಯಾಗಿದೆ, ಅದಕ್ಕೆ ಮಾಡುವಂಥದ್ದು ಉಳಿದಿಲ್ಲ. ಬಲಗಣ್ಣಿಗೆ ಇವತ್ತೇ ಇಂಜೆಕ್ಷನ್ ಶುರು ಮಾಡೋಣ, ಇರುವಷ್ಟನ್ನು ಹಿಡಿದುಕೊಳ್ಳಬಹುದು. ಸಣ್ಣ ಅಕ್ಷರ ಮತ್ತೆ ಓದುತ್ತಾರೆಂದು ಮಾತು ಕೊಡಲಾಗದು. ತಿಂಗಳ ಹಿಂದೆ ಬಂದಿದ್ದರೆ ಬಲಗಣ್ಣಿನ ಕಥೆ ಬೇರೆ ಇರುತ್ತಿತ್ತು.

ತಿಂಗಳು ಎಂಬ ಪದ ಸೊಸೆಯ ಎದೆಯಲ್ಲಿ ಹಾಗೇ ಕೂತಿತು.

ಹೊರಗಿನ ಬೆಂಚಿನಲ್ಲಿ ಗಂಡ ಅವಳಿಂದ ಒಂದು ಆಳಿನಷ್ಟು ದೂರ ಕೂತ. ನಾಲ್ಕು ವಾರ ಎಂದ, ಅವಳಿಗೆ ಮಾತ್ರ ಕೇಳುವಷ್ಟು ಸಣ್ಣಗೆ. ಒಂದೇ ತಟ್ಟೆಸ್ಟ್ಯಾಂಡಿನಿಂದ ತಟ್ಟೆ ತಗೊಂಡು ಉಂಡೆವಲ್ಲೇ, ಹೇಳಬೇಕು ಅನ್ನಿಸಲಿಲ್ವಾ ಎಂದ. ದಿನಾ ಅನ್ನಿಸಿತು ಎಂದಳು ಅವಳು. ಅದಕ್ಕಿಂತ ಹೆಚ್ಚು ಹೇಳಿದರೆ ಸಮರ್ಥನೆಯಾಗುತ್ತದೆ ಎಂದು ಅಲ್ಲಿಗೇ ನಿಲ್ಲಿಸಿದಳು. ಗೋಡೆಗೆ ಒರಗಿ ಕೂತಿದ್ದ ಮಾವ, ಹನಿ ಹಾಕಿದ ಕಣ್ಣು ಮುಚ್ಚಿಕೊಂಡೇ, ಬೈಯಬೇಡ ಅವಳಿಗೆ, ಬೇಡ ಅಂದವನು ನಾನು ಎಂದರು.

ನರ್ಸ್ ಬಂದು ಹೆಸರು ಕರೆದು, ಚಪ್ಪಲಿ ಇಲ್ಲೇ ಬಿಡಿ, ಜೊತೆಗೆ ಒಬ್ಬರು ಮಾತ್ರ ಬನ್ನಿ ಎಂದಳು. ಗಂಡ ಎದ್ದ, ಸೊಸೆಯೂ ಎದ್ದಳು. ಮಾವ ಗಾಳಿಯಲ್ಲಿ ಕೈ ಚಾಚಿದರು. ಗಂಡ ತನ್ನ ಮೊಣಕೈಯನ್ನು ಆ ಕೈಯ ಕೆಳಗೆ ತಂದ. ಬಸ್ಸಿನ ಎಂಜಿನ್ ಎತ್ತಿ ರೂಢಿಯಾದವನ ನಡಿಗೆ ಅವನದು. ಎರಡು ಹೆಜ್ಜೆಗೇ ಮಾವ ಎಡವಿದರು.

“ನಿಧಾನ ಕಣೋ ಪೋರ,” ಎಂದರು. “ನಿನ್ನ ಮುಖ ಇರೋ ಜಾಗದಲ್ಲಿ ನನಗೆ ಬರೀ ಕಪ್ಪು ಮನೆ ಕಾಣ್ತಿದೆ.”

ಗಂಡ ನಿಂತ. ಅಪ್ಪನ ಕೈಯನ್ನು ಮೊಣಕೈಯಿಂದ ತೆಗೆದು ಅಂಗೈಯಲ್ಲಿ ಹಿಡಿದುಕೊಂಡ. ಇಬ್ಬರೂ ಮಗುವಿನ ಹೆಜ್ಜೆ ಇಟ್ಟುಕೊಂಡು ಒಳಗೆ ಹೋದರು, ಬಾಗಿಲು ತಾನಾಗಿ ಮುಚ್ಚಿಕೊಂಡಿತು.

ಸೊಸೆ ಬಗ್ಗಿ ಮಾವನ ಚಪ್ಪಲಿಗಳನ್ನು ಜೋಡಿಸಿಟ್ಟಳು. ಆಮೇಲೆ ಮಾಡಲು ಏನೂ ಉಳಿಯದೆ, ಗಂಡ ಕೂತಿದ್ದ ಜಾಗ ಬಿಟ್ಟು ತನ್ನ ಜಾಗದಲ್ಲೇ ಕೂತಳು.